ಆನೆ ದಾರಿಗೆ ಬೆಣಚುಕಲ್ಲು

ಬಸ್ಸಿನ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೂ ಆ ಮನುಷ್ಯ ನೆಟ್ಟಗೆ ನಿಂತದ್ದನ್ನು ನಾನು ಕಾಣೆ. ಕಾಲು ಅಗಲಿಸಿ, ಸೊಂಟವನ್ನು ಗೇಟಿಗೋ ಕಂಬಕ್ಕೋ ದೇವಸ್ಥಾನದ ಗೋಡೆಗೋ ಒರಗಿಸಿಯೇ ನಿಲ್ಲುವುದು. ಮಂಗಳಾರತಿಯ ಹೊತ್ತಿನಲ್ಲೂ ಹಾಗೆಯೇ. ಒಮ್ಮೆ ಅರ್ಚಕರು ತಟ್ಟೆ ಹಿಡಿದುಕೊಂಡೇ, "ಇಲ್ಲಿ ಯಾರೂ ಬ್ರೇಕ್ ಹಾಕಲ್ಲ, ಧೈರ್ಯವಾಗಿ ನಿಂತ್ಕೊಳ್ಳಿ" ಎಂದು ರೇಗಿಸಿದ್ದರು. ಬತ್ತೇರಿ–ಮೈಸೂರು ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ನಿವೃತ್ತಿಯ ದುಡ್ಡನ್ನೆಲ್ಲ ಸುರಿದು ಅದುವರೆಗೆ ಬಾಡಿಗೆಗಿದ್ದ ನಮ್ಮ ಬೀದಿಯಲ್ಲೇ, ಮಲಯಾಳ ಸೀಮೆಯ ಕಾಡಂಚಿನ ನೂಲ್ಪುಳದಲ್ಲಿ, ನನ್ನ ಮನೆಯ ಎದುರಿಗೇ ಮನೆ ಕಟ್ಟಿಸಿದರು. ಮಲಯಾಳದವರಿಗೆ ಕಂಡಕ್ಟರ್ ಚೇಟ, ನಮ್ಮಂಥ ನಾಲ್ಕಾರು ಕನ್ನಡದ ಮನೆಗಳಿಗೆ ಕಂಡಕ್ಟ್ರಣ್ಣ. ಹೆಸರು ಬರೆಯುವುದಿಲ್ಲ. ಮುಂದೆ ಹೇಳುವುದರಲ್ಲಿ ಅವರ ಮರ್ಯಾದೆಗೆ ಕುಂದು ತರುವ ಮಾತಿದೆ, ನನಗೆ ಅವರ ಮೇಲೆ ಅಕ್ಕರೆಯೂ ಇದೆ.

ನಾನು ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಹಾಗೆ ಬಂದದ್ದೂ ಅವರ ಬಸ್ಸಿನಲ್ಲೇ. ಹೊಸ ಸೀರೆ, ಹೊಸ ಗಂಡ, ಹೊಟ್ಟೆ ತುಂಬ ಮದುವೆಯೂಟ. ಟಿಕೆಟ್ ಕೊಡಲು ಬಂದವರು ನನ್ನ ಮುಖವನ್ನು ಒಂದು ಸಲ ನೋಡಿ, ಕೇಳದೆಯೇ ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರು ಮಡಿಲಿಗೆ ಹಾಕಿ, "ಇಟ್ಕಳವ್ವ, ಬತ್ತದ. ಮುಂದ ರೋಡ್ ಉಬ್ಬು ಸಾಲಾಗಿ ಅವ" ಎಂದರು. ಬಂತು ಕೂಡ. ನನ್ನ ಗಂಡ ಇವತ್ತಿಗೂ ಆ ಮಾತೆತ್ತಿ ನಗುತ್ತಾನೆ.

ಆ ಮನುಷ್ಯನ ದೊಡ್ಡ ಹುಚ್ಚೆಂದರೆ ಜನ ಬಸ್ಸು ಹತ್ತುವ ಮೊದಲೇ ಇದ್ದದ್ದನ್ನು ಇದ್ದ ಹಾಗೆ ಒದರಿಬಿಡುವುದು. ಬತ್ತೇರಿ ಸ್ಟ್ಯಾಂಡಿನಲ್ಲಿ ಬಾಗಿಲಿಗೆ ಅಡ್ಡ ನಿಂತು, "ಸೀಟಿಲ್ಲ, ಸೀಟಿಲ್ಲ! ಗುಂಡ್ಲುಪೇಟೆ ಗಂಟ ನಿಂತ್ಕಂಡೇ ಬರ್ಬೇಕು. ಕಾಲ್ನೋವಿನವ್ರು ಮುಂದಿನ ಬಸ್ಸಿಗ ಬನ್ನಿ" ಎಂದು ಎರಡು ಭಾಷೆಯಲ್ಲೂ ಕೂಗುವುದು. ಡ್ರೈವರ್‌ಗಳು ತಲೆ ಚಚ್ಚಿಕೊಳ್ಳುತ್ತಿದ್ದರು. "ಇಂವ ನಮ್ಮ ಕಂಡಕ್ಟ್ರೋ, ಪ್ರೈವೇಟ್ ಜೀಪಿನವರ ಏಜೆಂಟೋ?" ಎಂದರೆ ಇವರು ಬೆರಳ ಸಂದಿಯ ನೋಟುಗಳನ್ನು ನೀವುತ್ತ, "ಹತ್ತೂಕ ಮುಂಚ ಹೇಳ್ಬುಟ್ರ ಅಂವ ಬಯ್ಯಲ್ಲ ಕನಪ್ಪ. ಹತ್ತುದ್ ಮ್ಯಾಲ ಹೇಳುದ್ರ ಮೈಸೂರ್ ಗಂಟ ಬಯ್ಸ್ಕಬೇಕು" ಎನ್ನುತ್ತಿದ್ದರು.

ಇನ್ನು ಅತ್ತಿಗೆ. ಅಂದರೆ ಅವರ ಹೆಂಡತಿ. ಎತ್ತರದ ಹೆಂಗಸು, ನಕ್ಕರೆ ಬೀದಿಯ ಕೊನೆಗೆ ಕೇಳುತ್ತಿತ್ತು. ಮಕ್ಕಳಿಲ್ಲ. ಯಾರಾದರೂ ಲೊಚಗುಟ್ಟಿದರೆ, "ಇವ್ರೊಬ್ರೇ ಸಾಕು ಕನವ್ವ, ಕೂಸಿಗಿಂತ ಕಾಟ ಕೊಡ್ತರ" ಎಂದು ಮಾತು ಮುಗಿಸುವರು. ಅಣ್ಣ ಕೆಲಸದಲ್ಲಿದ್ದಾಗ ಮೈಸೂರಿನಿಂದ ಮಲ್ಲಿಗೆ ತರುತ್ತಿದ್ದರು. ಬಾಳೆ ಎಲೆಯಲ್ಲಿ ಸುತ್ತಿ, ಗಾಳಿಗೆ ಬಾಡದಿರಲೆಂದು ಡ್ರೈವರ್ ಸೀಟಿನ ಹಿಂದೆ ನೇತುಹಾಕಿ, ಒಂದು ಮೊಗ್ಗು ಬಿರಿಯದ ಹಾಗೆ ಕಾಡು ದಾಟಿಸುತ್ತಿದ್ದರು. ಅತ್ತಿಗೆ ಅದನ್ನು ಮುಡಿದು ನನ್ನ ಜಗಲಿಗೆ ಬಂದು ಕೂತರೆ ನನಗೆ ಹೊಟ್ಟೆಕಿಚ್ಚು. ನನ್ನ ಗಂಡ ದಿನವೂ ಗುಂಡ್ಲುಪೇಟೆಯಿಂದ ತರಕಾರಿ ತರುವವನು, ಒಂದು ದಿನ ಒಂದು ಮೊಳ ಹೂವು ತಂದವನಲ್ಲ.

ನಮ್ಮ ಬೀದಿಯ ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಲ್ಲ ಮನೆಯ ಹಿತ್ತಿಲೂ ಕಾಡಿಗೆ ಮುಗಿಯುತ್ತದೆ, ಎಲ್ಲ ಹಿತ್ತಿಲಲ್ಲೂ ಹಲಸಿನ ಮರವಿದೆ, ಆದರೆ ಹಲಸಿನ ಹಣ್ಣು ಮಾತ್ರ ಯಾರ ಮನೆಯಲ್ಲೂ ಇಲ್ಲ. ಕಾಯಿ ಗೇಣುದ್ದ ಆಗುವಷ್ಟರಲ್ಲಿ ಎಲ್ಲರೂ ಒಂದೇ ದಿನ ಗೊತ್ತು ಮಾಡಿಕೊಂಡು ದೋಟಿ ಹಿಡಿದು ಮರ ಬೋಳಿಸಿಬಿಡುತ್ತೇವೆ. ಈ ಎಳೆಗಾಯಿಗೆ ಇಲ್ಲಿಯವರು ಇಡಿಚಕ್ಕ ಎನ್ನುತ್ತಾರೆ. ಆಮೇಲೆ ವಾರವೆಲ್ಲ ಬೀದಿಗೆ ಬೀದಿಯೇ ಇಡಿಚಕ್ಕದ ಪಲ್ಯ. ಹಣ್ಣು ತಿನ್ನುವ ಆಸೆಯಾದರೆ ಬತ್ತೇರಿ ಪೇಟೆಗೆ ಹೋಗಿ, ಅಲ್ಲೇ ತಿಂದು, ಅಲ್ಲೇ ಸೋಪು ಹಾಕಿ ಕೈ ತೊಳೆದುಕೊಂಡು ಬರುವುದು. ಒಂದು ಹಣ್ಣು ಮರದಲ್ಲಿ ಮಾಗಿದರೂ ಸಾಕು, ಆನೆಗೆ ಬೇರೆ ಕರೆಯೋಲೆ ಬೇಡ.

ಕಂಡಕ್ಟ್ರಣ್ಣನ ಮರದಲ್ಲಿ ಒಂದು ವರ್ಷ ಒಂದು ಕಾಯಿ ಉಳಿದುಹೋಯಿತು. ತುದಿಯ ಕೊಂಬೆಯಲ್ಲಿ, ಎಲೆಯ ಮರೆಯಲ್ಲಿ. ಯಾರ ಕಣ್ಣಿಗೂ ಬೀಳಲಿಲ್ಲ. ಅದು ಮಾಗಿದಾಗ ಒಂದು ದಿನ, ಬೆಳಕು ಹರಿಯುವ ಹೊತ್ತಿಗೆ ಅತ್ತಿಗೆ ಒಲೆಗೆ ಹಾಲಿಟ್ಟಿದ್ದರು. ಆನೆ ಹಣ್ಣು ತಿಂದು ಮುಗಿಸಿ, ಅಡುಗೆಮನೆಯ ಗೋಡೆಗೆ ಹಣೆ ಕೊಟ್ಟಿತು. ಗೋಡೆ ಒಳಕ್ಕೆ ಬಿತ್ತು. ಅತ್ತಿಗೆ ಗ್ರೈಂಡರಿನ ಸಂದಿಯಲ್ಲಿ ಮುದುಡಿ ಕೂತರು. ಸೊಂಡಿಲು ಒಳಗೆ ಬಂದು ಅಕ್ಕಿ ಡಬ್ಬ, ಉಪ್ಪಿನ ಜಾಡಿ, ಆಮೇಲೆ ಅತ್ತಿಗೆಯ ಮುಡಿ, ಹೀಗೆ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿತಂತೆ. ನಾವು ತಟ್ಟೆ ಬಡಿದು, ಪಟಾಕಿ ಹೊಡೆದು ಓಡಿಸಿದೆವು. ಅತ್ತಿಗೆಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಅಳಲೂ ಇಲ್ಲ. ಅವತ್ತು ಮಧ್ಯಾಹ್ನದ ಬಸ್ಸಿಗೆ ಒಂದು ಚೀಲ ಹಿಡಿದುಕೊಂಡು ಗುಂಡ್ಲುಪೇಟೆಯ ಅಕ್ಕನ ಮನೆಗೆ ಹೊರಟುಬಿಟ್ಟರು.

"ನೀವು ಎಲ್ಲಿ ಇರು ಅಂದ್ರ ಅಲ್ಲಿರ್ತೀನಿ. ಆ ಮನ ಒಂದ್ ಬ್ಯಾಡ" ಎಂದರಂತೆ. ಅಣ್ಣ ಹೋಗಿ ಕರೆದರು, ಅಕ್ಕ ಭಾವನಿಂದ ಹೇಳಿಸಿದರು, ಗೋಡೆ ಮತ್ತೆ ಕಟ್ಟಿಸಿ ಫೋಟೋ ತೆಗೆದು ತೋರಿಸಿದರು. ಅತ್ತಿಗೆ ಫೋಟೋ ಕೂಡ ಕೈಯಲ್ಲಿ ಹಿಡಿಯಲಿಲ್ಲ.

ಅಕ್ಕನ ಮನೆಯೋ ಎರಡು ಕೋಣೆಯದು, ಬೆಳೆದ ಮಕ್ಕಳು ಬೇರೆ. ಅಣ್ಣ ಭಾನುವಾರ ಹೋಗುವುದು, ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು, ರಾತ್ರಿ ವಾಹನ ಬಿಡದ ಕಾಡಿನ ಗೇಟು ಮುಚ್ಚುವುದರೊಳಗೆ ವಾಪಸು ಬರುವುದು. "ಹೆಂಡ್ತಿನ ನೋಡೂಕ ನೆಂಟ್ರಂಗ ಹೋಗಿ ಬರ್ತಾ ಇವ್ನಿ ಕನ ತಂಗ್ಯವ್ವ" ಎಂದು ನಗಲು ನೋಡುತ್ತಿದ್ದರು. ಆ ನಗು ನೋಡಲಾರದೆ ನಾನು ಮಿಷನ್ ತುಳಿಯುತ್ತಿದ್ದೆ.

ಮನೆ ಮಾರಿದರೆ ಮಾತ್ರ ಇನ್ನೊಂದು ಮನೆ, ಇನ್ನೊಂದು ಮನೆಯಾದರೆ ಮಾತ್ರ ಹೆಂಡತಿ. ಬೇರೆ ದಾರಿ ಇರಲಿಲ್ಲ. ಆದರೆ ನೋಡಲು ಬಂದವರು ಗೇಟಿನಿಂದಲೇ ಹಿಂದಿರುಗುತ್ತಿದ್ದರು. ಬೇಲಿಯ ತುಂಬ ಆನೆ ಬೆದರಿಸಲು ಕಲ್ಲು ತುಂಬಿದ ಡಬ್ಬ, ಮರಮರಕ್ಕೂ ಮೆಣಸಿನಪುಡಿ ಮೆತ್ತಿದ ಚಿಂದಿ. ಕಣ್ಣಿದ್ದವರಿಗೆ ಗೊತ್ತಾಗದೇ ಇರುತ್ತದೆಯೇ?

ಆಗ ಬತ್ತೇರಿಯ ಬ್ರೋಕರ್ ಒಬ್ಬ ಬಂದ. ಬಿಳಿ ಮುಂಡು, ಕಂಕುಳಲ್ಲಿ ಛತ್ರಿ. ಮನೆಯೊಳಗೆ ಕಾಲೇ ಇಡಲಿಲ್ಲ, ಅಂಗಳ ಸುತ್ತಿ ಬಂದು ಮಲಯಾಳದಲ್ಲಿ ಹೇಳಿದ: "ಚೇಟಾ, ಮನೆ ಕೊಳ್ಳುವವರು ಮೊದಲು ಕೊಳ್ಳುವುದು ಹೂವಿನ ತೋಟವನ್ನು. ಈ ಡಬ್ಬ ತೆಗೆಯಿರಿ. ಗಿಡ ಹಾಕಿ. ಹಲಸಿನ ಕಾಯಿ ಈ ಸಲ ಇಳಿಸಬೇಡಿ, ಕಾಯಿ ಬಿಟ್ಟ ಮರ ಕಂಡರೆ ಮನೆಗೇ ಒಂದು ಲಕ್ಷಣ. ಮಾಗುವುದರೊಳಗೆ ನಾನು ಕುದುರಿಸುತ್ತೇನೆ."

ಅಣ್ಣ ಮಣ್ಣಿನ ಕೆಲಸಕ್ಕೆ ಇಳಿದರು. ಮೊದಮೊದಲು ನಮಗೆಲ್ಲ ಅದೊಂದು ತಮಾಷೆ. ಗುದ್ದಲಿ ಹಿಡಿಯಲು ಬಾರದ ಮನುಷ್ಯ, ಗಿಡಗಳನ್ನು ಬಸ್ಸಿನ ಸೀಟಿನ ಹಾಗೆ ಎರಡೆರಡು, ನಡುವೆ ಓಡಾಡಲು ಜಾಗ ಬಿಟ್ಟು ನೆಡುತ್ತಿದ್ದರು. "ಕಿಟಕಿ ಪಕ್ಕದ ಸೀಟು ಯಾರಿಗಣ್ಣ?" ಎಂದರೆ, "ದಾಸವಾಳಕ್ಕ. ಅದ್ಕ ಗಾಳಿ ಬೇಕು" ಎನ್ನುವರು. ಬೀದಿಯವರೆಲ್ಲ ಒಂದೊಂದು ಕೊಟ್ಟೆವು. ನಾನು ಚೆಂಡು ಹೂವಿನ ಸಸಿ, ಪಕ್ಕದವರು ಕ್ರೋಟನ್, ಇನ್ನೊಬ್ಬರು ಆಂಥೂರಿಯಂ. ಬರೀ ಪ್ರೀತಿಗೆ ಕೊಟ್ಟೆವು ಎಂದು ಹೇಳಿಕೊಳ್ಳುವುದಿಲ್ಲ. ಒಂದು ಮನೆ ಮಾರಾಟವಾದರೆ ಉಳಿದವಕ್ಕೂ ಒಂದು ಬೆಲೆ ಎಂಬ ಆಸೆ ಎಲ್ಲರಿಗೂ ಇತ್ತು.

ಡಬ್ಬಗಳನ್ನು ಬಿಚ್ಚಿದ ಕೊಕ್ಕೆಗಳಲ್ಲಿ ಹೂಕುಂಡ ತೂಗಿದವು. ಹೊಸದಾಗಿ ಕಟ್ಟಿದ ಗೋಡೆಯ ತೇಪೆ ಕಾಣದ ಹಾಗೆ ಬೋಗನ್‌ವಿಲ್ಲಾ ಹಬ್ಬಿತು. ಉಳಿದದ್ದು ಒಂದೇ. ಹಿತ್ತಿಲ ಕಾಫಿ ಗಿಡಗಳ ನಡುವೆ ಕಾಡಿನಿಂದ ಅಡುಗೆಮನೆಯವರೆಗೆ ಒಂದು ದಾರಿ, ಆನೆಗಳು ತುಳಿದು ತುಳಿದು ಆದದ್ದು. ಕಾರು ಹೋಗುವಷ್ಟು ಅಗಲ. ಅದರಲ್ಲಿ ಏನು ನೆಟ್ಟರೂ ಉಳಿಯಲಿಲ್ಲ. ಒಂದು ದಿನ ಅಣ್ಣ ಒಂದು ಟೆಂಪೋ ಬೆಣಚುಕಲ್ಲು ತರಿಸಿ, ಆ ದಾರಿಯುದ್ದಕ್ಕೂ ಹಾಸಿ, ಎರಡು ಬದಿಗೆ ಇಟ್ಟಿಗೆ ಓರೆಯಾಗಿ ಹುಗಿದು, ನಡುವೆ ಒಂದು ಸಿಮೆಂಟ್ ಬೆಂಚು ಹಾಕಿಸಿಬಿಟ್ಟರು.

ನಾನು ಬಾಯಿ ಸುಮ್ಮನಿರದೆ, "ಆನೆಗಳಿಗೆ ಚಪ್ಪರ ಒಂದು ಬಾಕಿ ಅಲ್ವಾ ಅಣ್ಣ?" ಎಂದೆ.

ಅವರು ನಗಲಿಲ್ಲ. ಒಂದು ಕಲ್ಲು ತೆಗೆದು ಒರೆಸಿ ಮತ್ತೆ ಅಲ್ಲೇ ಇಟ್ಟರು.

ಕೊನೆಗೆ ಕುದುರಿದ್ದು ಕೋಳಿಕೋಡಿನ ಕಡೆಯ ಒಬ್ಬ ಮೇಷ್ಟ್ರು. ಬತ್ತೇರಿಯ ಶಾಲೆಗೆ ವರ್ಗವಾಗಿ ಬಂದವರು, ಮಾಷ್ ಎಂದೇ ಎಲ್ಲರೂ ಕರೆಯುವುದು. ಹೆಂಡತಿ, ಆಗತಾನೆ ನಡೆಯಲು ಕಲಿತ ಒಂದು ಹೆಣ್ಣುಕೂಸು. ಕೂಸು ಬಂದದ್ದೇ ಬೆಣಚುಕಲ್ಲಿನ ದಾರಿಗೆ ಓಡಿ ಕೂತುಬಿಟ್ಟಿತು. ತಾಯಿ, "ಎಷ್ಟು ಅಗಲವಾದ ದಾರಿ!" ಎಂದು ಬೆರಗಾದಳು. ಬ್ರೋಕರ್, "ಗಾಳಿ ಓಡಾಡಲಿ ಎಂದು ಮಾಡಿಸಿದ್ದು" ಎಂದ. ನಾನೂ ಅಲ್ಲಿದ್ದೆ, ಕಾಫಿ ಕೊಡಲು ಹೋಗಿದ್ದೆ. ಮಾಷ್ ಕಾಡಿನ ಕಡೆ ನೋಡಿ, ಅಣ್ಣನ ಕಡೆ ತಿರುಗಿ ಸಾದಾ ದನಿಯಲ್ಲಿ ಕೇಳಿದರು: "ಇವಿಡೆ ಆನ ವರುಮೋ?" ಇಲ್ಲಿಗೆ ಆನೆ ಬರುತ್ತದೆಯೇ?

ಅಣ್ಣ ಸೊಂಟಕ್ಕೆ ಆಧಾರ ಹುಡುಕಿದರು. ಹತ್ತಿರ ಏನೂ ಇರಲಿಲ್ಲ. ಒಂದು ಚೆಂಡು ಹೂವು ಕಿತ್ತು ಕೂಸಿನ ಕೈಗೆ ಕೊಡುತ್ತ, "ಕಾಡಲ್ಲವೇ ಮಾಷೇ, ಆನೆ ಇರುತ್ತದೆ. ಮುತ್ತಂಗದ ಕಡೆ ರಸ್ತೆ ದಾಟುತ್ತವೆ" ಎಂದರು. ಮಾಷ್ ತಲೆಯಾಡಿಸಿದರು. ಅಷ್ಟೇ.

ಸಂಜೆ ನನ್ನ ಜಗಲಿಗೆ ಬಂದು ಕೂತರು. "ನಾನು ಸುಳ್ಳೇನೂ ಹೇಳ್ನಿಲ್ಲ, ಅಲ್ವ ತಂಗ್ಯವ್ವ?"

"ನಿಜಾನೂ ಹೇಳ್ಲಿಲ್ಲ" ಎಂದೆ. ನನ್ನ ಬಾಯೇ ಹಾಗೆ.

ಅವರು ಬೆನ್ನನ್ನು ಜಗಲಿಯ ಕಂಬಕ್ಕೆ ಒರಗಿಸಿಕೊಂಡರು. ಆಮೇಲೆ ಹೇಳಿದರು: "ಹೋದ್ ವಾರ ನಂಗ ತಲನೋವು ಅಂತ ಅವ್ಳು ಎಣ್ಣ ಹಚ್ಚೂಕ ಕೂತ್ಕಂಡ್ಳು. ಅಕ್ಕನ ಮಕ್ಳು ನೋಡಿ ನಕ್ಕುದ್ರು. ಅವ್ಳು ಕೈ ತಗದ್ಬುಟ್ಳು. ನಂಗ ಒಂದ್ ಬಾಗ್ಲು ಬೇಕು ಕನವ್ವ, ಒಳಗಿಂದ ಅಗುಳಿ ಹಾಕಳಾಕ. ಅಷ್ಟೇಯ." ಅರವತ್ತು ದಾಟಿದ ಗಂಡಸು ಹೆಂಡತಿಗಾಗಿ ಹೀಗೆ ಹಂಬಲಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮನೆ ಮಾಷ್‌ಗೆ ಹೋಯಿತು. ಬೀಗದ ಕೈ ಕೊಡುವ ಹಿಂದಿನ ದಿನ ಅಣ್ಣ ಮರದ ಕಾಯಿಯನ್ನೆಲ್ಲ ತಾವೇ ಇಳಿಸಿದರು. ಮಾಷ್ ಬೇಸರಪಟ್ಟುಕೊಂಡಾಗ, "ಹುಳ ಬಿದ್ದಿತ್ತು ಮಾಷೇ" ಎಂದರು. ಅತ್ತಿಗೆ ಫೋನಿನಲ್ಲಿ, "ಆನ ವಿಚಾರ ಅವ್ರಿಗ ಹೇಳುದ್ರ?" ಎಂದು ಕೇಳಿದಾಗ, "ಹೇಳೇ ಮಾರಿವ್ನಿ" ಎಂದರು. ಈ ಮಾತು ನನ್ನ ಎದುರಿಗೇ ಆಡಿದ್ದು. ಆಮೇಲೆ ನನ್ನ ಮುಖ ನೋಡದೆ ರಸ್ತೆ ದಾಟಿದರು.

ಗುಂಡ್ಲುಪೇಟೆಯಲ್ಲಿ ಒಂದು ಪುಟ್ಟ ಮನೆ ಕೊಂಡರು. ಸುತ್ತಲೂ ಮನೆ, ಗಿಡ ಹಾಕಲು ಒಂದು ಮೊಳ ಮಣ್ಣಿಲ್ಲ. ನಾನು ಹೋದಾಗ ಅತ್ತಿಗೆಯ ಹಳೆಯ ನಗು ಮತ್ತೆ ಬೀದಿಗೆ ಕೇಳುತ್ತಿತ್ತು. ತಲೆಯಲ್ಲಿ ಮಲ್ಲಿಗೆ. ಬಾಗಿಲಿಗೆ ದಪ್ಪ ಹಿತ್ತಾಳೆಯ ಅಗುಳಿ. ಇನ್ನೇನು ಬೇಕಿತ್ತು ಆ ಮನುಷ್ಯನಿಗೆ? ಕೂತಲ್ಲಿ ಕೂರಲಿಲ್ಲ. ತಿಂಗಳು ಕಳೆಯುವುದರೊಳಗೆ ಒಂದು ಬೆಳಿಗ್ಗೆ ಕತ್ತರಿ, ಕುಡುಗೋಲು ಚೀಲಕ್ಕೆ ಹಾಕಿಕೊಂಡು ಮಾಷ್‌ನ ಗೇಟಿನಲ್ಲಿ ಹಾಜರು. "ನಾನು ನೆಟ್ಟ ಗಿಡ, ನೋಡಿಕೊಂಡು ಹೋಗುತ್ತೇನೆ."

ಅಲ್ಲಿಂದ ಮುಂದೆ ವರ್ಷಗಟ್ಟಲೆ ಇದೇ ಆಯಿತು. ಎಳೆಗಾಯಿ ಕಾಲದಲ್ಲಂತೂ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಮರದ ಕೆಳಗೆ ಕತ್ತು ಎತ್ತಿ ನಿಂತು, ಕೊಂಬೆ ಕೊಂಬೆಯನ್ನೂ ಕಣ್ಣಲ್ಲಿ ಜಾಲಾಡಿ, ಒಂದು ಮಿಡಿಯೂ ಬಿಡದೆ ಉದುರಿಸಿ, ಗೋಣಿಚೀಲಕ್ಕೆ ತುಂಬಿ ಬಸ್ಸಿಗೆ ಹೊತ್ತೊಯ್ಯುತ್ತಿದ್ದರು. ಬೇಲಿಯ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಮೆಣಸಿನಪುಡಿಯ ಚಿಂದಿ ಕಟ್ಟುತ್ತಿದ್ದರು. ಮಾಷ್‌ನ ಹೆಂಡತಿ, "ಎಂಥ ಪ್ರೀತಿ ಈ ತೋಟದ ಮೇಲೆ" ಎಂದು ಊಟ ಬಡಿಸುವಳು. ಕೂಸು ಮುತ್ತಚ್ಚಾ, ಅಂದರೆ ತಾತಾ, ಎನ್ನುತ್ತ ಹಿಂದೆಯೇ ಓಡುವುದು. ಅದಕ್ಕೆ ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆಯಲು ಕಲಿಸಿದರು. ಯಾಕೆ ಕಲಿಸಿದರೆಂದು ನನಗೆ ಗೊತ್ತು. ಏನಾದರೂ ಕಂಡರೆ ಬೀದಿಗೆ ಕೇಳಲಿ ಎಂದು.

ಅತ್ತ ಅತ್ತಿಗೆ ಸಿಡಿಮಿಡಿ. "ಆ ಮನ ಮ್ಯಾಲ ಇಷ್ಟ್ ಆಸ ಇದ್ದುದ್ರ ಮಾರ್ಬಾರ್ದಾಗಿತ್ತು. ನಾನು ಇಲ್ಲಿ ಒಬ್ಳೇ ಗ್ವಾಡ ನೋಡ್ಕ ಕೂತಿರ್ತೀನಿ, ಇವ್ರು ಅಲ್ಲಿ ಹೂವ ನೋಡ್ಕ ನಿಂತಿರ್ತರ" ಎಂದು ನನಗೆ ಫೋನಿನಲ್ಲಿ ದೂರುವರು. ನಾನು ಹೂಂ ಎನ್ನುತ್ತಿದ್ದೆ. ಬೇರೆ ಏನು ಹೇಳಲಿ?

ಒಮ್ಮೆ ತಡೆಯಲಾರದೆ ಅವರನ್ನೇ ಕೇಳಿದೆ: "ಈಗಲಾದರೂ ಹೇಳ್ಬಿಡಬಾರದಾ ಅಣ್ಣ?"

ಗೋಣಿಚೀಲ ಇಳಿಸಿ ಮುಖ ಒರೆಸಿಕೊಂಡರು. ಎಷ್ಟು ಬಡಕಲಾಗಿದ್ದರು ಎಂದು ಅವತ್ತೇ ನನ್ನ ಕಣ್ಣಿಗೆ ಬಿದ್ದದ್ದು. "ಹತ್ತಿಸ್ಕಂಡ್ ಮ್ಯಾಲ ಯಾನ ಹೇಳಿಯವ್ವ? ಇದ್ದುದ್ದೆಲ್ಲ ಈ ಮನಗ ಸುರ್ದವ್ನ ಅಂವ. ಹೇಳುದ್ರ ಎಲ್ಲಿಗ ಇಳ್ದಾನು? ನನ್ ಕೈಲಿ ಆಗೂ ಗಂಟ ಬಂದು ಕಾಯಿ ಇಳಿಸ್ತೀನಿ."

ಈ ವರ್ಷ ಕೈಲಿ ಆಗಲಿಲ್ಲ. ಎದೆನೋವೆಂದು ಮಲಗಿದವರು ಮಂಚ ಬಿಟ್ಟು ಏಳಲಿಲ್ಲ. ನಾಲ್ಕು ಮಾತಾಡಿದರೆ ಏದುಸಿರು, ಆದರೂ ಫೋನು ಮಾತ್ರ ನನಗೆ ದಿನವೂ ಬರುತ್ತಿತ್ತು. "ಮರ ನೋಡುದ್ಯ ತಂಗ್ಯವ್ವ?" ಮರ ಮಾಷ್‌ನ ಮನೆಯ ಹಿಂದೆ, ನನ್ನ ಜಗಲಿಗೆ ಕಾಣುವುದಿಲ್ಲ. ಮಾಷ್‌ನನ್ನು ಕೇಳಿದೆ. "ಇಳಿಸಿಬಿಟ್ಟೆ ಚೇಚಿ" ಎಂದರು. ಅದನ್ನೇ ಅಣ್ಣನಿಗೆ ಹೇಳಿದೆ. ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. ಅದಾಗಿ ಕೆಲವೇ ದಿನಕ್ಕೆ ಹೋಗಿಬಿಟ್ಟರು, ಅತ್ತಿಗೆ ಕಾಫಿ ಲೋಟ ತರುವಷ್ಟರಲ್ಲಿ.

ತಿಥಿಗೆ ನಾನೂ ನನ್ನ ಗಂಡನೂ ಗುಂಡ್ಲುಪೇಟೆಗೆ ಹೋದೆವು. ಊಟದ ಹೊತ್ತಿಗೆ ಮಾಷ್ ಬಂದರು, ಒಬ್ಬರೇ, ಹೆಗಲ ಮೇಲೆ ಒಂದು ಚೀಲ. ಅವರು ಹೊಸಿಲು ದಾಟುವ ಮೊದಲೇ ನನಗೆ ವಾಸನೆ ಬಡಿಯಿತು. ಹಲಸಿನ ಹಣ್ಣು! ಮಾಷ್ ಚೀಲವನ್ನು ಅತ್ತಿಗೆಯ ಕಾಲ ಹತ್ತಿರ ಇಳಿಸಿ, ತಮ್ಮ ಅರ್ಧ ಕನ್ನಡದಲ್ಲಿ, "ಚೇಟನ ಮರದ್ದು ಅಮ್ಮೆ. ಮೊದಲನೇ ಹಣ್ಣು. ಅವರ ಹೆಸರಿಗೆ ಇಲ್ಲಿ ಇರಲಿ ಅಂತ" ಎಂದರು. ಅವರ ಕಣ್ಣು ತುಂಬಿತ್ತು. ನಾಟಕವಲ್ಲ, ಆ ಮನುಷ್ಯನಿಗೆ ಅಣ್ಣನೆಂದರೆ ನಿಜವಾಗಿ ಪ್ರೀತಿ.

ಅತ್ತಿಗೆ ಗೋಡೆಗೆ ಅಂಟಿಕೊಂಡು ಎದ್ದು ನಿಂತರು. "ಮರದಲ್ಲಿ ಹಣ್ಣು ಬುಟ್ಟಿದ್ದರ? ಯಾಕ್ ಬುಟ್ಟಿದ್ದರ? ಆನ ಬತ್ತದ ಅಂತ ಅವ್ರು ನಿಮಗ ಹೇಳಿರ್ನಿಲ್ವ?"

ಮಾಷ್ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಇಲ್ಲ ಅಮ್ಮೆ, ಚೇಟ ಹೇಳಲಿಲ್ಲ" ಎಂದರು ಮಾಷ್. "ಮೊದಲನೇ ಮಳೆಗಾಲದಲ್ಲಿ ಆನೆಯೇ ಬಂದು ಹೇಳಿತು. ಕೂಸು ಬೆಂಚಿನ ಮೇಲೆ ಕೂತಿತ್ತು. ಆನೆ ಹತ್ತು ಮಾರು ದೂರದಲ್ಲಿ ನಿಂತು ನೋಡಿ ಹೋಯಿತು. ಆ ಕಲ್ಲಿನ ಮೇಲೆ ಹೆಜ್ಜೆ ಕೂಡಾ ಮೂಡಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಪೇಪರಿನಲ್ಲಿ ಬಂದರೆ ಆ ಮನೆ ಮತ್ತೆ ಯಾರು ತಗೊಳ್ತಾರೆ? ಚೇಟನ ಮೇಲೆ ಸಿಟ್ಟಿತ್ತು. ಆಮೇಲೆ ಅವರು ವಾರ ವಾರ ಬಂದು ಮರ ನೋಡುವುದು ಕಂಡು, ಕೇಳೋಕೆ ಬಾಯಿ ಬರಲಿಲ್ಲ."

"ಗೊತ್ತಿದ್ದೂ ಯಾಕ್ ಕಾಯಿ ಇಳಿಸ್ನಿಲ್ಲ?"

ಮಾಷ್ ತಲೆ ತಗ್ಗಿಸಿದರು. "ಬರುವ ಭಾನುವಾರ ಮನೆ ನೋಡೋಕೆ ಜನ ಬರ್ತಾರೆ. ದುಬೈಯಿಂದ ಬಂದವರು. ಬ್ರೋಕರ್ ಹೇಳಿದ, ಕಾಯಿ ಇದ್ದರೆ ಚೆಂದ ಅಂತ."

ಅಡುಗೆಯವರು ಎಲೆ ಹಾಕಲೇ ಎಂದು ಕೇಳುತ್ತಿದ್ದರು. ಅತ್ತಿಗೆ ಮೆಲ್ಲಗೆ ಕೇಳಿದರು: "ಅವ್ರಿಗ ಮಕ್ಕಳವ?"

"ಇಬ್ಬರು" ಎಂದರು ಮಾಷ್.

ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಗುಳಿ ಬಿದ್ದ ಸದ್ದು ಕೇಳಿಸಿತು. ಅಣ್ಣ ಯಾರಿಗಾಗಿ ಬಾಯಿ ಕಟ್ಟಿಕೊಂಡರು, ಯಾಕೆ ಅಷ್ಟು ವರ್ಷ ಬಸ್ಸಿನಲ್ಲಿ ಗೋಣಿಚೀಲ ಹೊತ್ತರು ಎಂಬುದು ಆ ಹೆಂಗಸಿಗೆ ತಿಥಿಯ ದಿನ, ಅಷ್ಟು ಜನರ ಮುಂದೆ ತಿಳಿಯಬೇಕೇ? ನನಗೆ ಅಣ್ಣನ ಮೇಲೆ ಕೋಪ ಬಂತು, ಸತ್ತವರೆಂದೂ ನೋಡದೆ.

ಭಾನುವಾರ ಮೊದಲನೇ ಬಸ್ಸಿಗೆ ಅತ್ತಿಗೆ ನಮ್ಮ ಬೀದಿಗೆ ಬಂದಿಳಿದರು. ನನ್ನ ಕೈಯಲ್ಲಿದ್ದ ಬಟ್ಟೆ ಜಾರಿತು. ಕಾಲು ಹಿಡಿದು ಕರೆದರೂ ಕಾಡು ದಾಟದಿದ್ದವರು! ಬಂದು ನನ್ನ ಜಗಲಿಯಲ್ಲಿ ಕೂತರು. ಎದುರು ಮನೆಯ ಕಡೆ ನೋಡಲಿಲ್ಲ. ಕಾಫಿ ಬೇಡವೆಂದರು.

"ಅತ್ತಿಗೆ, ಬಂದವರಿಗೆ ಹೇಳೋದು ಬೇಡ. ಮಾಷ್‌ನ ಗತಿ ಏನು? ಅವರಿಗೂ ಕೂಸಿದೆ" ಎಂದೆ. ನಮ್ಮ ಬೀದಿಯ ಬೆಲೆಯ ವಿಚಾರವೂ ನನ್ನ ತಲೆಯಲ್ಲಿತ್ತು, ಅದನ್ನು ಹೇಳಲಿಲ್ಲ.

"ಅವ್ರು ನನ್ಗೋಸ್ಕರ ಹೇಳ್ದ ಹೋದ್ ಮಾತು ಕನವ್ವ ಇದು" ಎಂದರು ಅತ್ತಿಗೆ. "ನಾನೇ ಹೇಳ್ಬೇಕು. ಇನ್ಯಾರ್ ಹೇಳಾರು?"

ಕಾರು ಬಂತು. ಗಂಡ, ಹೆಂಡತಿ, ಇಬ್ಬರು ಹುಡುಗರು, ಜೊತೆಗೆ ಅದೇ ಬ್ರೋಕರ್. ಎಲ್ಲರೂ ಹೂವು ನೋಡುತ್ತ ಹಿತ್ತಿಲಿಗೆ ಹೋದರು. ಅತ್ತಿಗೆ ಎದ್ದರು. ಗೇಟಿನವರೆಗೆ ಸರಿಯಾಗಿಯೇ ನಡೆದರು, ಅಲ್ಲಿ ಕಾಲು ನಿಂತುಹೋಯಿತು. ನಾನು ಕೈ ಹಿಡಿದುಕೊಂಡೆ. ಕಣ್ಣು ಮುಚ್ಚಿಕೊಂಡೇ ಅಡುಗೆಮನೆಯ ಗೋಡೆ ದಾಟಿದರು. ಬೆಣಚುಕಲ್ಲಿನ ದಾರಿಯಲ್ಲಿ ಹುಡುಗರು ಕಲ್ಲು ಆರಿಸುತ್ತಿದ್ದರು. ಅತ್ತಿಗೆಗೆ ಮಲಯಾಳ ಬರುವುದು ಅಷ್ಟಕ್ಕಷ್ಟೇ. ಆ ದಾರಿಯನ್ನು ತೋರಿಸಿ, ಮರವನ್ನು ತೋರಿಸಿ, ಬೋಗನ್‌ವಿಲ್ಲಾದ ಬಳ್ಳಿ ಎತ್ತಿ ಗೋಡೆಯ ತೇಪೆ ತೋರಿಸಿ, "ಆನ ವರುಂ" ಎಂದರು. ಆನೆ ಬರುತ್ತದೆ. "ಇದು ಅದರ ದಾರಿ. ನಾನು ಒಳಗಿದ್ದೆ."

ಹೆಚ್ಚು ಹೊತ್ತಾಗಲಿಲ್ಲ. ತಾಯಿ ಹುಡುಗರನ್ನು ಎಳೆದುಕೊಂಡು ಕಾರು ಹತ್ತಿದಳು. ಬ್ರೋಕರ್ ಅತ್ತಿಗೆಗೆ ಏನೋ ಕೆಟ್ಟ ಮಾತು ಹೇಳಿ ಹಿಂದೆಯೇ ಓಡಿದ. ಬೀದಿಯವರು ಗೇಟಿಗೆ ಬಂದು ನಿಂತಿದ್ದರು, ಒಬ್ಬರ ಮುಖದಲ್ಲೂ ಕಳೆಯಿರಲಿಲ್ಲ. ಮಾಷ್‌ನ ಹೆಂಡತಿ ಬಾಗಿಲಲ್ಲಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಮಾಷ್ ಮಾತ್ರ ಬೈಯಲಿಲ್ಲ. ಸಿಮೆಂಟ್ ಬೆಂಚಿನ ಮೇಲೆ ಕೂತು, ಅತ್ತಿಗೆಯನ್ನೇ ನೋಡುತ್ತ ಕೇಳಿದರು: "ಇನ್ನು ನಾವು ಎಲ್ಲಿಗೆ ಹೋಗಲಿ ಅಮ್ಮೆ?"

ಅತ್ತಿಗೆ ಕತ್ತೆತ್ತಿ ಮರ ನೋಡಿದರು. ಮರದಲ್ಲಿ ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು, ಒಂದೆರಡು ಆಗಲೇ ಹಳದಿಗೆ ತಿರುಗಿದ್ದವು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗೊತ್ತಿಲ್ಲ ಕನಪ್ಪ" ಎಂದರು. "ದೋಟಿ ಎಲ್ಲದ? ಕತ್ತಲಾಗೂದ್ರೊಳ್ಗ ಇಳಿಸ್ಬುಡಾವ."